ಅಜ್ಜಿ ಮನೆಯ ಕನ್ನಡಿ: ರಸ ಹೋದ ಗಾಜನ್ನು ಹೊಸ ಮನೆಗೆ ತರಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾವು ಗಂಗಾವತಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಒಳಗಿನ ಪ್ಲಾಸ್ಟರ್ ಮುಗಿದು ಹದಿನೈದು ದಿನವಾಯಿತು. ಯಲಬುರ್ಗಾ ಕಡೆಯ ನಮ್ಮ ಅಜ್ಜಿಯ ಹಳೇ ಮನೆ ಬಿಚ್ಚುವಾಗ ಪಡಸಾಲೆಯಲ್ಲಿದ್ದ ದೊಡ್ಡ ಕನ್ನಡಿ ನಮ್ಮ ಪಾಲಿಗೆ ಬಂದಿದೆ. ಇನ್ನೂ ಊರಲ್ಲೇ ಇದೆ. ಗಾಜು 4 ಅಡಿ ಎತ್ತರ, 3 ಅಡಿ ಅಗಲ. ಸಾಗುವಾನಿ ಚೌಕಟ್ಟು, ಮೇಲೆ ಬಳ್ಳಿಯ ಕೆತ್ತನೆ, ಅದರಲ್ಲಿ ಒಂದು ಹೂವು ಮುರಿದಿದೆ. ಜೊತೆಗೆ ಕಪಾಟಿನ ಬಾಗಿಲಿಂದ ತೆಗೆದ ಎರಡು ಚಿಕ್ಕ ಕನ್ನಡಿಗಳೂ ಇವೆ. ದೊಡ್ಡದರ ಕೆಳ ಅಂಚಿನುದ್ದಕ್ಕೂ ರಸ (ಹಿಂಬದಿಯ ಹೊಳೆಯುವ ಲೇಪ) ಹೋಗಿ ಕಪ್ಪಾಗಿದೆ, ನಡುವೆಯೂ ಅಲ್ಲಲ್ಲಿ ಚುಕ್ಕೆ ಎದ್ದಿವೆ. ಗೋಡೆಯಿಂದ ಇಳಿಸುವಾಗ ಕೆಳಗಿನಿಂದ ಬೂದು ಬಣ್ಣದ ಪುಡಿ ಉದುರಿತು. ಫೋಟೋ ನೋಡಿದ ಬಳ್ಳಾರಿಯ ಗಾಜಿನ ಅಂಗಡಿಯವರು, ‘ಇದು ಬೆಲ್ಜಿಯಂ ಗ್ಲಾಸು, ಆದರೆ ಸತ್ತಿದೆ, ಹೊಸದು ಹಾಕಿಸಿ’ ಅಂದರು. ನಮ್ಮ ಬಡಿಗೇರರು ಹಿಂಬದಿಯನ್ನು ಥಿನ್ನರ್‌ನಿಂದ ಒರೆಸಿ ಸಿಲ್ವರ್ ಸ್ಪ್ರೇ ಹೊಡೆದರೆ ಸಾಕು ಅನ್ನುತ್ತಾರೆ. ನಮ್ಮ ಮನೆಯವರು ಹಳೇ ಕನ್ನಡಿಯಲ್ಲಿ ಪಾದರಸ ಇರುತ್ತದೆ, ಎರಡು ವರ್ಷದ ಮಗು ಇರುವ ಮನೆಗೆ ಬೇಡ ಅನ್ನುತ್ತಾರೆ. ಅತ್ತೆಯವರಿಗೆ ಕಪ್ಪಾದ ಕನ್ನಡಿ ಮನೆಯೊಳಗೆ ಇರಬಾರದು ಎಂಬ ಚಿಂತೆ. ನನಗೆ ಮಾತ್ರ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಜನರ ನಾಲ್ಕು ಮಾತಿದೆ. ಮೊದಲು ಕೇಳಬೇಕಾದದ್ದು ನಿಮ್ಮ ಮನೆಯವರ ಮಾತು, ಮೊದಲು ತಡೆಯಬೇಕಾದದ್ದು ಬಡಿಗೇರರ ಕೈ. ಅಂಗಡಿಯವರಿಗೂ ಅತ್ತೆಯವರಿಗೂ ಆಮೇಲೆ ಉತ್ತರ ಕೊಡೋಣ.

ಊರಿಗೆ ಇವತ್ತೇ ಫೋನ್ ಮಾಡಿ ಹೇಳಿ: ಕನ್ನಡಿಯನ್ನು ಗೋಡೆಯ ಮೇಲೆ ಹೇಗಿತ್ತೋ ಹಾಗೆಯೇ, ಮೇಲಿನ ಭಾಗ ಮೇಲೇ ಇರುವಂತೆ ಒರಗಿಸಿ ನಿಲ್ಲಿಸಬೇಕು. ನೆಲದ ಮೇಲೆ ಮಲಗಿಸುವುದು, ತಲೆಕೆಳಗು ಮಾಡುವುದು, ‘ಸ್ವಲ್ಪ ಬಿಸಿಲು ಕಾಯಲಿ’ ಅಂತ ಅಂಗಳಕ್ಕೆ ಇಡುವುದು, ಮೂರೂ ಬೇಡ. ಹಿಂದಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಮೇಲ್ಮುಖವಾಗಿ ಒಂದು ಬಾಣ ಬರೆದಿಡಲಿ. ಯಾಕೆ ಅನ್ನುವುದು ಕೆಳಗಿದೆ.

ಆ ಬೂದು ಪುಡಿ ಯಾವುದು?

ಎಲ್ಲಾ ನಿರ್ಧಾರಗಳೂ ಇದರ ಮೇಲೆ ನಿಂತಿವೆ. ಚೌಕಟ್ಟಿನ ಕೆಳಗೆ ಒಂದು ಕಪ್ಪು ಕಾಗದ ಹಾಸಿ, ಕೆಳಪಟ್ಟಿಯನ್ನು ಅಂಗೈಯಿಂದ ಮೆಲ್ಲಗೆ ಒಂದೆರಡು ಸಲ ತಟ್ಟಿ. ಬಿದ್ದದ್ದನ್ನು ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಇದಕ್ಕೆ ಮುಂಚೆ ಬಳೆ, ಉಂಗುರ, ತಾಳಿಸರ ತೆಗೆದಿಡಿ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಮಗು ಆ ಕೋಣೆಯಲ್ಲಿ ಇರದಿರಲಿ.

ಪುಡಿ ತಿಳಿ ಕಂದು ಬಣ್ಣದ್ದಾಗಿ, ರವೆಯ ಹಾಗೆ ಒಂದೇ ಗಾತ್ರದ ಕಾಳುಗಳಾಗಿದ್ದರೆ ಅದು ಮರದ ಹುಳದ ಕೆಲಸ. ಚೌಕಟ್ಟಿನಲ್ಲೋ ಹಿಂದಿನ ಹಲಗೆಯಲ್ಲೋ ಸಣ್ಣ ತೂತುಗಳು ಕಂಡೇ ಕಾಣುತ್ತವೆ. ಸಾಗುವಾನಿಗೆ ಹುಳ ಬೀಳುವುದು ಅಪರೂಪ, ಆದರೆ ಹಿಂದಿನ ಹಲಗೆಯನ್ನು ಅಗ್ಗದ ಮರದಲ್ಲಿ ಮಾಡಿರುವುದು ಸಾಮಾನ್ಯ. ಚಪ್ಪಟೆ ಚಕ್ಕೆಗಳಾಗಿ, ಒಂದು ಮುಖ ಕೆಂಪೋ ಬೂದೋ ಇನ್ನೊಂದು ಮುಖ ಕಪ್ಪೋ ಇದ್ದರೆ ಅದು ಬೆಳ್ಳಿ ಲೇಪದ ಕನ್ನಡಿಯ ಹಿಂಬದಿಯ ಪೇಂಟು. ಹಳೇ ಕೆಂಪು ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಉಜ್ಜಿ ಪುಡಿ ಎಬ್ಬಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೇ ಎಸೆಯಿರಿ.

ಮೂರನೆಯದು ಬೂದು ಬಣ್ಣದ, ಮಿನುಗುವ ಹರಳಿನಂಥ ಪುಡಿ. ಕಾಗದವನ್ನು ಸ್ವಲ್ಪ ಓರೆ ಮಾಡಿದಾಗ ಅದರೊಳಗಿಂದ ಬೆಳ್ಳಿ ಬಣ್ಣದ ಸಣ್ಣ ಗುಂಡುಗಳು ಉರುಳಿ ಒಂದಕ್ಕೊಂದು ಸೇರಿಕೊಂಡರೆ ನಿಮ್ಮ ಮನೆಯವರ ಅನುಮಾನ ನಿಜ, ಅದು ಪಾದರಸ.

ಪಾದರಸ ಕಂಡರೆ ಗಾಬರಿ ಬೇಡ, ಆದರೆ ಪೊರಕೆಯನ್ನೂ ಹಿಡಿಯಬೇಡಿ. ಗುಡಿಸಿದರೆ ಒಂದು ಹನಿ ನೂರಾಗಿ ನೆಲದ ಸಂದುಗಳಿಗೆ ಸೇರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಅಂತೂ ಅದನ್ನು ಬಿಸಿ ಮಾಡಿ ಆವಿಯಾಗಿ ಕೋಣೆಗೆಲ್ಲ ಊದುತ್ತದೆ. ಕಿಟಕಿ ತೆರೆಯಿರಿ, ಫ್ಯಾನ್ ಹಾಕಬೇಡಿ. ಎರಡು ಗಟ್ಟಿ ಕಾರ್ಡುಗಳಿಂದ ಹನಿಗಳನ್ನು ಒಂದೆಡೆ ತಳ್ಳಿ, ಔಷಧದ ಡ್ರಾಪರ್‌ನಿಂದ ಎಳೆದು, ತಳದಲ್ಲಿ ಸ್ವಲ್ಪ ನೀರಿರುವ ಗಟ್ಟಿ ಮುಚ್ಚಳದ ಬಾಟಲಿಗೆ ಬಿಡಿ. ಉಳಿದ ಕಣಗಳನ್ನು ಅಗಲವಾದ ಅಂಟು ಟೇಪಿನಿಂದ ಒತ್ತಿ ಎತ್ತಿ, ಟೇಪನ್ನೂ ಅದೇ ರೀತಿ ಮುಚ್ಚಿಡಿ. ಸಂದಿನಲ್ಲಿ ಸಿಕ್ಕಿಬಿದ್ದದ್ದಕ್ಕೆ ಗಂಧಕದ ಪುಡಿ ಉದುರಿಸಿ ಒಂದು ದಿನ ಬಿಟ್ಟು ಒದ್ದೆ ಕಾಗದದಿಂದ ಎತ್ತಬಹುದು. ಬಚ್ಚಲಿಗೆ, ಚರಂಡಿಗೆ, ಕಸದ ಗಾಡಿಗೆ ಹಾಕಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಹತ್ತಿರದ ಕಚೇರಿಯಲ್ಲೋ ನಗರಸಭೆಯಲ್ಲೋ ಅಪಾಯಕಾರಿ ತ್ಯಾಜ್ಯ ಎಲ್ಲಿ ತೆಗೆದುಕೊಳ್ಳುತ್ತಾರೆಂದು ಕೇಳಿ ಕೊಡಿ. ಬಂಗಾರ ತೆಗೆದಿಡಿ ಅಂದದ್ದು ಸುಮ್ಮನೆ ಅಲ್ಲ: ಪಾದರಸ ತಾಗಿದ ಚಿನ್ನ ಕ್ಷಣದಲ್ಲಿ ಬೆಳ್ಳಗಾಗುತ್ತದೆ, ಒರೆಸಿದರೆ ಹೋಗುವುದಿಲ್ಲ.

ಬೆಳ್ಳಿಯೋ, ಪಾದರಸವೋ?

ಏನೂ ಉದುರದಿದ್ದರೂ ಲೇಪ ಯಾವುದೆಂದು ತಿಳಿಯಬೇಕು. ಹದಿನಾರನೇ ಶತಮಾನದಿಂದ ಸುಮಾರು 1900ರವರೆಗೆ ಯೂರೋಪಿನಲ್ಲಿ ಕನ್ನಡಿ ಮಾಡುತ್ತಿದ್ದ ಮುಖ್ಯ ವಿಧಾನ ಹೀಗಿತ್ತು: ನುಣುಪು ಕಲ್ಲಿನ ಮೇಜಿನ ಮೇಲೆ ತವರದ ತೆಳು ಹಾಳೆ ಹಾಸಿ, ಮೇಲೆ ಪಾದರಸ ಸುರಿದು, ಅದರ ಮೇಲೆ ಗಾಜನ್ನು ಜಾರಿಸಿ, ಭಾರ ಹೇರಿ ವಾರಗಟ್ಟಲೆ ಬಿಡುತ್ತಿದ್ದರು. ತವರ ಮತ್ತು ಪಾದರಸ ಕೂಡಿ ಗಾಜಿಗೆ ಕಚ್ಚುತ್ತಿದ್ದವು. ಈ ಪದರ ಪೂರ್ತಿ ಘನವಲ್ಲ. ತವರ-ಪಾದರಸದ ಹರಳುಗಳ ನಡುವೆ ದ್ರವ ಪಾದರಸ ಉಳಿದಿರುತ್ತದೆ. ಕನ್ನಡಿ ನಿಂತೇ ಇರುವ ದಶಕಗಳಲ್ಲಿ ಅದು ನಿಧಾನಕ್ಕೆ ಕೆಳಗಿಳಿಯುತ್ತದೆ, ಆದ್ದರಿಂದಲೇ ಕೆಳ ಅಂಚು ಮೊದಲು ಹಾಳಾಗುತ್ತದೆ. ಇಂಥದ್ದನ್ನು ತಲೆಕೆಳಗು ಮಾಡಿದರೆ ಕೆಳಗೆ ಸೇರಿರುವ ದ್ರವವೆಲ್ಲ ಚೆನ್ನಾಗಿರುವ ಭಾಗದ ಮೇಲೆ ಹರಿದು ಅದನ್ನೂ ಕೆಡಿಸುತ್ತದೆ. ಸೀಮೆಸುಣ್ಣದ ಬಾಣ ಅದಕ್ಕೇ.

ಗಾಜಿನ ಮೇಲೆ ಬೆಳ್ಳಿಯನ್ನು ರಾಸಾಯನಿಕವಾಗಿ ಕೂರಿಸಬಹುದು ಎಂದು ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ 1835ರಲ್ಲಿ ತೋರಿಸಿದರು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಬೆಳ್ಳಿ ಲೇಪ ನಿಧಾನಕ್ಕೆ ಪಾದರಸವನ್ನು ಹೊರದೂಡಿತು. ನಿಮ್ಮ ಅಜ್ಜಿಯ ಕಾಲದಲ್ಲೇ ಕೊಂಡ ಕನ್ನಡಿಯಾದರೆ ಬೆಳ್ಳಿಯದೇ ಇರುವ ಸಂಭವ ಹೆಚ್ಚು. ಅವರ ಅತ್ತೆಯ ಕಾಲದಿಂದ ಬಂದದ್ದಾದರೆ ಎರಡೂ ಸಾಧ್ಯ.

ಮುಂದಿನಿಂದಲೇ ಮಾಡುವ ಪರೀಕ್ಷೆ ಸುಲಭ. ಹಗಲು ಬೆಳಕಿನಲ್ಲಿ ಒಂದು ಬಿಳಿ ಹಾಳೆಯನ್ನು ಚೆನ್ನಾಗಿರುವ ಭಾಗಕ್ಕೆ ತಾಗಿಸಿ ಹಿಡಿದು, ಕೈಯಲ್ಲಿರುವ ಹಾಳೆಯನ್ನೂ ಅದರ ಬಿಂಬವನ್ನೂ ಹೋಲಿಸಿ. ಬಿಂಬ ತುಸು ಹಳದಿ ಛಾಯೆಯಲ್ಲಿದ್ದರೆ ಬೆಳ್ಳಿ. ತಣ್ಣನೆಯ ನೀಲಿ-ಬೂದು ಛಾಯೆ ಇದ್ದು ಒಟ್ಟಾರೆ ಮಂಕಾಗಿದ್ದರೆ ಪಾದರಸ. ಕಲೆಗಳ ಬಣ್ಣವೂ ಸುಳಿವು ಕೊಡುತ್ತದೆ: ಕಂದು, ಕಪ್ಪು, ಹಳದಿ ಅಂಚಿನ ಚುಕ್ಕೆಗಳು ಬೆಳ್ಳಿಯವು, ಟಾರ್ಚ್ ಹಿಡಿದರೆ ಮಿನುಗುವ ಬೂದು ಹರಳಿನ ತೇಪೆಗಳು ಪಾದರಸದವು. ಕೊನೆಯ ಖಾತರಿ ಹಿಂಬದಿಯಲ್ಲಿ. ಹಲಗೆಯ ಒಂದು ಮೂಲೆ ಸಡಿಲಿಸಿ ನೋಡಿದಾಗ ಗಾಜಿನ ಹಿಂದೆ ಪೇಂಟಿದ್ದರೆ ಬೆಳ್ಳಿ, ಬರಿಯ ಬೂದು ಲೋಹದ ಮೈ ಕಂಡರೆ ಪಾದರಸ. ಅದನ್ನು ಬೆರಳಿಂದ ಮುಟ್ಟಬೇಡಿ; ಲೇಪ ಬೆರಳಿಗೇ ಬರುತ್ತದೆ.

ಪೆನ್ನಿನ ತುದಿ ತಾಗಿಸಿ ಬಿಂಬಕ್ಕೂ ಅದಕ್ಕೂ ಇರುವ ಅಂತರ ನೋಡಿ ‘ಅಸಲಿ ಹಳೇದು’ ಅನ್ನುವವರಿದ್ದಾರೆ. ಆ ಅಂತರ ಗಾಜು ಎಷ್ಟು ದಪ್ಪ ಅನ್ನುವುದನ್ನು ಹೇಳುತ್ತದೆ, ಎಷ್ಟು ಹಳೆಯದು ಅನ್ನುವುದನ್ನಲ್ಲ. ‘ಬೆಲ್ಜಿಯಂ’ ಅನ್ನುವ ಹೆಸರೂ ಅಷ್ಟೇ. ಬೆಲ್ಜಿಯಂ ಒಂದು ಕಾಲದಲ್ಲಿ ಗಾಜನ್ನು ಭಾರಿ ಪ್ರಮಾಣದಲ್ಲಿ ಹೊರದೇಶಗಳಿಗೆ ಕಳಿಸಿದ್ದು ನಿಜ, ತಮಿಳುನಾಡಿನ ಚೆಟ್ಟಿನಾಡು ಸೀಮೆಯ ದೊಡ್ಡ ಮನೆಗಳಲ್ಲಿ ಆ ಕನ್ನಡಿಗಳು ಇಂದಿಗೂ ಇವೆ. ಆದರೆ ಈಗ ಅಂಚು ಇಳಿಜಾರಾಗಿ ಮಸೆದ ಯಾವ ದಪ್ಪ ಕನ್ನಡಿಗೂ ವ್ಯಾಪಾರದಲ್ಲಿ ಅದೇ ಹೆಸರು. ವಯಸ್ಸು ನೋಡಬೇಕಿದ್ದರೆ ಗಾಜಿನ ಮೈ ನೋಡಿ. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಫ್ಲೋಟ್ ಗಾಜಿನ (ಕರಗಿದ ತವರದ ಮೇಲೆ ತೇಲಿಸಿ ಹಾಳೆ ಮಾಡಿದ ಗಾಜು) ವಿಧಾನವನ್ನು ಹೊರಗೆಡಹಿದ ಮೇಲೆ ಬಂದ ಗಾಜು ತೀರಾ ಸಮತಟ್ಟು. ಅದಕ್ಕಿಂತ ಹಿಂದಿನದರಲ್ಲಿ, ನೀವು ತಲೆಯನ್ನು ನಿಧಾನಕ್ಕೆ ಅತ್ತಿತ್ತ ಆಡಿಸಿದರೆ ಎದುರಿನ ಬಾಗಿಲ ಚೌಕಟ್ಟಿನ ನೇರ ಗೆರೆ ತುಸು ಅಲುಗಿದಂತೆ ಕಾಣುವುದುಂಟು. ಕೈಯಿಂದ ಮಸೆದ ಇಳಿಜಾರು ಅಂಚು ಬೆರಳಾಡಿಸಿದರೆ ಸಿಕ್ಕೂ ಸಿಗದ ಹಾಗೆ ಆಳವಿಲ್ಲದ್ದು. ಯಂತ್ರದ ಅಂಚು ಚೂಪಾಗಿ ತಟ್ಟುತ್ತದೆ.

ಕಪ್ಪಾಗಿದ್ದು ಹೇಗೆ?

ಬೆಳ್ಳಿಯ ಲೇಪ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸು. ಅದರ ಬೆನ್ನಿಗೆ ರಕ್ಷಣೆಗೆ ಪೇಂಟು, ನಂತರದ ಕಾಲದವುಗಳಲ್ಲಿ ನಡುವೆ ತಾಮ್ರದ ಪದರ. ಗಾಜಿನ ನಡುಭಾಗದ ಬೆಳ್ಳಿಗೆ ಪೇಂಟಿನ ಹೊದಿಕೆ ಇದೆ, ಅಂಚಿನಲ್ಲಿ ಇಲ್ಲ. ಮುಂದಿನಿಂದ ಸಿಂಪಡಿಸಿದ ಕ್ಲೀನರ್ ಗಾಜಿನ ಮೇಲೆ ಇಳಿದು ಚೌಕಟ್ಟಿನ ಕೆಳಗಿನ ತೋಡಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಗಾಜಿಗೂ ಪೇಂಟಿಗೂ ನಡುವೆ ಮೇಲಕ್ಕೆ ಹೀರಿಕೊಳ್ಳುತ್ತದೆ. ಬೆಳ್ಳಿ ಲೇಪದ ಕನ್ನಡಿಯ ಕೆಳ ಅಂಚು ಕಪ್ಪಾಗಲು ಮುಖ್ಯ ಕಾರಣ ಈ ಒರೆಸುವ ಕೆಲಸವೇ. ನಡುವಿನ ಚುಕ್ಕೆಗಳು ಹಿಂಬದಿಯ ಪೇಂಟು ಗೀರಿಹೋದ ಜಾಗದ್ದು.

ನಮ್ಮ ಕಡೆಗೆ ಇನ್ನೂ ಮೂರು ಕಾರಣ ಸೇರಿಸಬೇಕು. ಮೊದಲನೆಯದು ಏರ್ ಕೂಲರ್. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಮಾರ್ಚಿಯಿಂದ ಜೂನ್‌ವರೆಗೆ ಕೂಲರ್ ಇಲ್ಲದೆ ಇರಲಾಗದು. ಅದರ ಒದ್ದೆ ಗಾಳಿ ನೇರ ಕನ್ನಡಿಗೆ ಬಡಿದರೆ ಒಣ ಬೇಸಿಗೆಯಲ್ಲೂ ಕನ್ನಡಿಗೆ ಮಳೆಗಾಲವೇ. ಎರಡನೆಯದು ಸವಳು. ಕಾಲುವೆ ನೀರಾವರಿಯಿಂದ ಅಂತರ್ಜಲ ಮೇಲೇರಿರುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಗೋಡೆಯ ಬುಡದಿಂದ ಹಸಿ ಏರಿ ಉಪ್ಪು ಹೂ ಬಿಡುತ್ತದೆ. ಅಂಥ ಗೋಡೆಗೆ ಬೆನ್ನು ಅಂಟಿಸಿ ತೂಗಿದ ಕನ್ನಡಿ ಹಿಂದಿನಿಂದ ಹಾಳಾಗುತ್ತದೆ. ಮೂರನೆಯದು ಧೂಳು. ಅದಿರಿನ ಕೆಂಪು ಧೂಳು ಗಡಸುತನದಲ್ಲಿ ಗಾಜಿಗೆ ಸರಿಸಮ. ಒಣ ಬಟ್ಟೆಯಿಂದ ಉಜ್ಜಿದರೆ ಗಾಜಿನ ಮೇಲೆ ಬಲೆ ಬಲೆಯಾಗಿ ಸಣ್ಣ ಗೀರು ಬೀಳುತ್ತದೆ. ಲೋಬಾನ, ಊದುಬತ್ತಿಯ ಹೊಗೆ ಗಾಜಿಗೆ ಜಿಡ್ಡು ಹಿಡಿಸುತ್ತದೆ ಅಷ್ಟೇ. ಒಳಗಿನ ಕಲೆ ಅದರದಲ್ಲ.

ಇದರಿಂದ ಒಂದು ಮಾತು ಸ್ಪಷ್ಟವಾಗಬೇಕು. ಕಲೆ ಇರುವುದು ಗಾಜಿನ ಹಿಂದೆ. ಮುಂದಿನಿಂದ ನಿಂಬೆ, ವಿನೆಗರ್, ಟೂತ್‌ಪೇಸ್ಟ್, ವಿಭೂತಿ ಏನು ಉಜ್ಜಿದರೂ ಅದು ಹೋಗುವುದಿಲ್ಲ. ಹೋದ ಬೆಳ್ಳಿ ವಾಪಸ್ ಬರುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು

ನನ್ನ ಸಲಹೆ ಮೊದಲೇ ಹೇಳುತ್ತೇನೆ: ಗಾಜು ಹಾಗೇ ಇರಲಿ, ಹಾಳಾಗುವುದನ್ನು ನಿಲ್ಲಿಸಿ, ಕೆಲಸವೆಲ್ಲ ಚೌಕಟ್ಟು ಮತ್ತು ಗೋಡೆಯ ಮೇಲೆ ನಡೆಯಲಿ. ಕೆಳಗೆ ಮೂರು-ನಾಲ್ಕು ಇಂಚು ಕಪ್ಪಾಗಿ ನಡುವೆ ಚುಕ್ಕೆ ಎದ್ದದ್ದು ದೋಷವಲ್ಲ. ಹೊಸ ಕನ್ನಡಿಗೆ ಆಸಿಡ್ ಹಾಕಿ ಇದೇ ನೋಟವನ್ನು ತಂದು ದುಬಾರಿಗೆ ಮಾರುತ್ತಾರೆ. ಇದಕ್ಕೆ ಬೇಕಾದದ್ದು ಹಿಂದಿನ ಹಲಗೆ ಬಿಚ್ಚಿ, ಮೃದುವಾದ ಕುಂಚದಿಂದ ಸಡಿಲ ಧೂಳು ತೆಗೆದು, ಹಲಗೆಗೂ ಲೇಪಕ್ಕೂ ನಡುವೆ 5-6 ಮಿಲಿಮೀಟರ್ ಜಾಗ ಉಳಿಯುವಂತೆ ಚೌಕಟ್ಟಿನ ಒಳಬದಿಗೆ ಸಣ್ಣ ಮರದ ಪಟ್ಟಿ ಕೊಟ್ಟು ಮತ್ತೆ ಮುಚ್ಚುವುದು. ಹಲಗೆ ಲೇಪಕ್ಕೆ ತಾಗಬಾರದು. ಗಾಜು ಅಲುಗಾಡುತ್ತಿದ್ದರೆ ಅಂಚಿಗೆ ಸಿಲಿಕಾನ್ ಹಾಕಬಹುದು, ಆದರೆ ವಿನೆಗರ್ ವಾಸನೆ ಬರುವ ಸಾದಾ ಸಿಲಿಕಾನ್ ಆಸಿಟಿಕ್ ಆಮ್ಲ ಬಿಡುತ್ತದೆ, ಅದು ಬೆಳ್ಳಿಯನ್ನು ತಿನ್ನುತ್ತದೆ. ಡಬ್ಬಿಯ ಮೇಲೆ ‘ನ್ಯೂಟ್ರಲ್ ಕ್ಯೂರ್’ ಎಂದಿರುವುದನ್ನೇ ತನ್ನಿ. ಪಾದರಸದ್ದೆಂದು ಗೊತ್ತಾದರೆ ಹಿಂಬದಿ ಬಿಚ್ಚುವ ಕೆಲಸವನ್ನು ಊರಿನ ಬಡಿಗೇರರಿಗೆ ಕೊಡಬೇಡಿ, ಮುಚ್ಚಿದ್ದು ಮುಚ್ಚಿದಂತೆ ಇರಲಿ.

ಬಡಿಗೇರರು ಹೇಳಿದ ಥಿನ್ನರ್ ಹಿಂದಿನ ಪೇಂಟನ್ನು ಕರಗಿಸುತ್ತದೆ, ಒರೆಸಿದಾಗ ಅದರ ಜೊತೆ ಬೆಳ್ಳಿಯೂ ಬರುತ್ತದೆ. ಸಿಲ್ವರ್ ಸ್ಪ್ರೇ ಬರಿಯ ಅಲ್ಯೂಮಿನಿಯಂ ಬಣ್ಣ, ಅದರಲ್ಲಿ ಮುಖ ಕಾಣುವುದಿಲ್ಲ. ಚುಕ್ಕೆ ಇದ್ದ ಕಡೆ ಬೂದು ತೇಪೆ ಕಾಣುತ್ತದೆ.

ಹೊಸ ಗಾಜು ಹಾಕಿಸುವುದು ಸರಳ ಮತ್ತು ಮಗುವಿನ ದೃಷ್ಟಿಯಿಂದ ಸುರಕ್ಷಿತ. ಪಾದರಸ ಹನಿಯುತ್ತಿರುವುದು ನಿಜವಾದರೆ ನಾನೂ ಇದನ್ನೇ ಹೇಳುತ್ತೇನೆ. 5 ಮಿಲಿಮೀಟರ್ ಕನ್ನಡಿ, ಹಿಂದೆ ಒಡೆದರೂ ಚೂರು ಹಿಡಿದಿಡುವ ಫಿಲ್ಮ್ ಇರುವುದನ್ನು ಕೇಳಿ ಪಡೆಯಿರಿ. ಅದೇ ಫಿಲ್ಮನ್ನು ಹಳೇ ಕನ್ನಡಿಯ ಹಿಂದೆ ಅಂಟಿಸಬೇಡಿ, ಲೇಪ ಕಿತ್ತು ಬರುತ್ತದೆ. ಅಳತೆಯಲ್ಲಿ ಎಡವುವುದು ಸಾಮಾನ್ಯ: ಹಳೇ ಚೌಕಟ್ಟುಗಳು ಲಂಬಕೋನದಲ್ಲಿ ಇರುವುದೇ ಕಡಿಮೆ. ಎರಡೂ ಕರ್ಣ ಅಳೆದು, ರಟ್ಟಿನಲ್ಲಿ ಅಚ್ಚು ಕತ್ತರಿಸಿ ಅದನ್ನೇ ಅಂಗಡಿಗೆ ಕೊಡಿ, ಪ್ರತಿ ಬದಿಗೆ 2 ಮಿಲಿಮೀಟರ್ ಕಡಿಮೆ ಇರಲಿ. ಬೇಸಿಗೆಯಲ್ಲಿ ಬಿಗಿಯಾಗಿ ಕೂತ ಗಾಜು ಮಳೆಗಾಲದಲ್ಲಿ ಮರ ಉಬ್ಬಿದಾಗ ಮೂಲೆಯಿಂದ ಸೀಳುತ್ತದೆ. ತೆಗೆದ ಗಾಜು ಬೆಳ್ಳಿಯದಾದರೆ ಅಂಗಡಿಯವರಿಗೆ ಬಿಟ್ಟುಕೊಡಬೇಡಿ. ಅದಿಲ್ಲದೆ ಚೌಕಟ್ಟಿನ ಬೆಲೆಯೂ ಇಳಿಯುತ್ತದೆ. ಬೇರೆ ಕಡೆ ನಿಲ್ಲಿಸಿಡಿ.

ಹಳೇ ಗಾಜಿಗೇ ಮರುಲೇಪ ಮಾಡಿಸುವುದನ್ನು ನಾನು ಬೇಡ ಎನ್ನುತ್ತೇನೆ. ಹಳೇ ಲೇಪವನ್ನೆಲ್ಲ ಆಸಿಡ್‌ನಲ್ಲಿ ತೆಗೆದು, ಗಾಜನ್ನು ಪಾಲಿಶ್ ಮಾಡಿ, ತವರದ ಕ್ಲೋರೈಡ್ ದ್ರಾವಣದಿಂದ ತೊಳೆದು, ಸಿಲ್ವರ್ ನೈಟ್ರೇಟ್ ಮತ್ತು ಅಮೋನಿಯಾ ದ್ರಾವಣದಿಂದ ಬೆಳ್ಳಿ ಕೂರಿಸಿ, ಮೇಲೆ ಪೇಂಟು ಕೊಡಬೇಕು. ನಡುವೆ ಎಲ್ಲಿ ಬೆರಳ ಗುರುತು ಉಳಿದರೂ ಅದು ಶಾಶ್ವತ. ಹಳೇ ಗೀರುಗಳೆಲ್ಲ ಹೊಸ ಹೊಳಪಿನಲ್ಲಿ ಎದ್ದು ಕಾಣುತ್ತವೆ, 4 ಅಡಿ ಗಾಜು ತೊಳೆಯುವಾಗಲೇ ಒಡೆಯುವ ಅಪಾಯ ಬೇರೆ. ಆನ್‌ಲೈನ್ ಕಿಟ್ ತರಿಸಿ ಮನೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ: ಬೆಳ್ಳಿ-ಅಮೋನಿಯಾ ದ್ರಾವಣ ಉಳಿದರೆ ಬಾಟಲಿಯಲ್ಲಿ ತುಂಬಿಡಬಾರದು, ನಿಂತಷ್ಟೂ ಅದರಲ್ಲಿ ಸಿಡಿಯುವ ವಸ್ತು ಕಟ್ಟುತ್ತದೆ. ಪಾದರಸದ ಕನ್ನಡಿಗೆ ಈ ದಾರಿ ಇಲ್ಲವೇ ಇಲ್ಲ.

ಮಗು, ಅತ್ತೆಯವರು

ಪಾದರಸದ ಕನ್ನಡಿ ಎಂದ ಕೂಡಲೇ ಮನೆಗೆ ವಿಷ ತಂದಂತಲ್ಲ. ಗಾಜು ಇಡಿಯಾಗಿದ್ದು, ಹನಿಯದೆ, ಹಿಂಬದಿ ಮುಚ್ಚಿದ್ದು, ಗಾಳಿಯಾಡುವ ಪಡಸಾಲೆಯಲ್ಲಿದ್ದರೆ ಅಪಾಯ ಕಡಿಮೆ. ಆದರೆ ಪಾದರಸದ ಆವಿ ಪ್ರತಿ 10 ಡಿಗ್ರಿ ಬಿಸಿ ಏರಿದಾಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ನೆಲದ ಹತ್ತಿರ ಆಡುವ ಮಗುವಿಗೆ ಆ ಲೆಕ್ಕ ಬೇರೆ. ಹನಿಯುವ ಕನ್ನಡಿಯನ್ನು ಮನೆಯೊಳಗೆ ತರಬೇಡಿ, ಹನಿಯದಿದ್ದರೂ ಮಲಗುವ ಕೋಣೆಗೆ ಬೇಡ. ಬೆಳ್ಳಿಯದಾದರೆ ಈ ಚಿಂತೆಯೇ ಇಲ್ಲ, ಒಡೆಯುವ ಚಿಂತೆ ಮಾತ್ರ. ಹಳೇ ಗಾಜು ಟಫನ್ ಮಾಡಿದ್ದಲ್ಲ (ಕಾಯಿಸಿ ಗಟ್ಟಿಗೊಳಿಸಿದ್ದಲ್ಲ), ಒಡೆದರೆ ಉದ್ದುದ್ದ ಕತ್ತಿಯಂಚಿನ ಚೂರುಗಳಾಗುತ್ತದೆ. ಕೆಳ ಅಂಚು ನೆಲದಿಂದ ಮೂರೂವರೆ ಅಡಿಗಿಂತ ಮೇಲಿರಲಿ, ಕೆಳಗೆ ಮಗು ಹತ್ತುವಂಥ ಸ್ಟೂಲು, ದಿವಾನ ಬೇಡ.

ಅತ್ತೆಯವರ ಚಿಂತೆಗೆ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ. ಕಪ್ಪು ಅಂಚಿನಿಂದ ಮನೆಗೆ ಕೆಡುಕಾಗುವುದಿಲ್ಲ ಎಂದು ನಾನು ಹೇಳಬಲ್ಲೆ, ಆದರೆ ಆ ಮನೆಯಲ್ಲಿ ದಿನವೂ ಇರುವವರು ಅವರು. ಕನ್ನಡಿಯನ್ನು ದೇವರ ಕೋಣೆಯ ಎದುರಿಗೂ ತಲಬಾಗಿಲ ಎದುರಿಗೂ ತೂಗದೆ ಪಕ್ಕದ ಗೋಡೆಗೆ ಹಾಕಿ. ಮುಖ ನೋಡಿಕೊಳ್ಳಲು, ಕುಂಕುಮ ಹಚ್ಚಿಕೊಳ್ಳಲು ಬೇರೆ ಸ್ವಚ್ಛ ಕನ್ನಡಿ ಇರಲಿ. ಹೀಗೆ ಮಾಡಿದರೆ ಹಲವು ಮನೆಗಳಲ್ಲಿ ತಕರಾರು ತಣ್ಣಗಾಗುತ್ತದೆ. ಗಾಜಿನಲ್ಲಿ ಬಿರುಕಿದ್ದರೆ ಮಾತ್ರ ನಾನು ಅತ್ತೆಯವರ ಕಡೆ, ಅದನ್ನು ತೂಗಲೇಬಾರದು.

ಗೋಡೆಗೆ ತೂಗುವುದು

ಹಳೇ ಕನ್ನಡಿಗಳು ಹೆಚ್ಚಾಗಿ ಸಾಯುವುದು ಇಲ್ಲಿ. ಮೊದಲು ಭಾರದ ಲೆಕ್ಕ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕಿಲೋ ತೂಗುತ್ತದೆ. ನಿಮ್ಮ ಗಾಜು 1.1 ಚದರ ಮೀಟರ್. 6 ಮಿಲಿಮೀಟರ್ ಇದ್ದರೆ ಗಾಜೇ ಸುಮಾರು 17 ಕಿಲೋ. 4 ಇಂಚು ಅಗಲದ ಸಾಗುವಾನಿ ಚೌಕಟ್ಟು 10-11 ಕಿಲೋ, ಹಿಂದಿನ ಹಲಗೆ 7-8 ಕಿಲೋ. ಒಟ್ಟು 35 ಕಿಲೋ ಎಂದಿಟ್ಟುಕೊಳ್ಳಿ.

ಹಳೇ ಮನೆಗಳಲ್ಲಿ ಇದನ್ನು ಮೇಲೊಂದು ದೊಡ್ಡ ಮೊಳೆಗೆ ಹಗ್ಗದಿಂದ ಕಟ್ಟಿ, ಕೆಳಗೆ ಎರಡು ಮೊಳೆಯ ಮೇಲೆ ಕೂರಿಸಿ, ಮುಂದಕ್ಕೆ ಬಾಗಿಸಿ ತೂಗುತ್ತಿದ್ದರು. ಭಾರ ಕೆಳಗಿನ ಮೊಳೆಗಳ ಮೇಲೆ, ಹಗ್ಗ ಬೀಳದಂತೆ ಹಿಡಿಯಲು ಮಾತ್ರ. ತತ್ವ ಈಗಲೂ ಅದೇ ಸರಿ, ಹಗ್ಗ ಮಾತ್ರ ಬದಲಾಗಲಿ. ಬರೀ ತಂತಿಯ ಮೇಲೆ ತೂಗಿದರೆ ಏನಾಗುತ್ತದೆ ನೋಡಿ: ತಂತಿ ಅಡ್ಡಗೆರೆಗೆ 60 ಡಿಗ್ರಿ ಕೋನದಲ್ಲಿದ್ದರೆ ಪ್ರತಿ ಬದಿಗೆ ಬೀಳುವ ಎಳೆತ 20 ಕಿಲೋ. ಮೊಳೆ ಕಾಣಬಾರದೆಂದು ತಂತಿಯನ್ನು ಬಿಗಿದು 30 ಡಿಗ್ರಿಗೆ ಇಳಿಸಿದರೆ ಪ್ರತಿ ಬದಿಗೂ ಪೂರ್ತಿ 35 ಕಿಲೋ. ಆ ಎಳೆತ ಚೌಕಟ್ಟನ್ನು ಒಳಕ್ಕೆ ಒತ್ತಿ ಹಳೇ ಮೂಲೆ ಜೋಡಣೆಗಳನ್ನು ಬಿಡಿಸುತ್ತದೆ. ಅವುಗಳನ್ನು ಹಿಡಿದಿರುವುದು ಮರವಜ್ರ ಎಂಬ ಹಳೇ ಕಾಲದ ಅಂಟು, ಬಿಸಿಲು-ಹಸಿಗೆ ಅದು ಆಗಲೇ ಸಡಿಲಾಗಿರುತ್ತದೆ.

ನಿಮ್ಮ ಹೊಸ ಮನೆಗೆ ಒಳ್ಳೆಯ ವಿಧಾನ ಓರೆ ಪಟ್ಟಿ. ಮುಕ್ಕಾಲು ಇಂಚು ದಪ್ಪ, 4 ಇಂಚು ಅಗಲ, ಎರಡೂವರೆ ಅಡಿ ಉದ್ದದ ಗಟ್ಟಿ ಮರದ ಹಲಗೆಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಎರಡಾಗಿ ಸೀಳಿ. ಒಂದು ಪಟ್ಟಿ ಗೋಡೆಗೆ, ಓರೆ ಅಂಚು ಮೇಲೆ ಮತ್ತು ಗೋಡೆಯ ಕಡೆಗೆ ಇಳಿಜಾರು. ಇನ್ನೊಂದು ಚೌಕಟ್ಟಿನ ಹಿಂಬದಿಗೆ, ಓರೆ ಕೆಳಗೆ. ಒಂದರ ಮೇಲೊಂದು ಕೂತು ತಾವೇ ಕಚ್ಚಿಕೊಳ್ಳುತ್ತವೆ. ಚೌಕಟ್ಟಿಗೆ ಸ್ಕ್ರೂ ಹಾಕುವ ಮುಂಚೆ ತೋಡಿನ ಆಳ ಅಳೆಯಿರಿ. ಗಾಜಿನ ಅಂಚಿಗೆ ಸ್ಕ್ರೂ ತುದಿ ತಾಗಿದರೆ ಅಲ್ಲಿಗೆ ಕಥೆ ಮುಗಿಯಿತು. ಕೆಳಗೆ ಎರಡು ಕಬ್ಬಿಣದ ಬ್ರಾಕೆಟ್ ಕೊಟ್ಟರೆ ಇನ್ನೂ ನಿಶ್ಚಿಂತೆ.

ಗೋಡೆ 9 ಇಂಚಿನ ಇಟ್ಟಿಗೆಯದಾದರೆ 10 ಮಿಲಿಮೀಟರ್ ತೂತು, ಪ್ಲಾಸ್ಟರ್ ಬಿಟ್ಟು ಇಟ್ಟಿಗೆಯೊಳಗೆ ಕನಿಷ್ಠ 60 ಮಿಲಿಮೀಟರ್ ಹೋಗುವ ಸ್ಕ್ರೂ, ನಾಲ್ಕು ಕಡೆ. ಇಟ್ಟಿಗೆಯ ಮೈಗೆ ಹಾಕಿ, ಸಂದಿನ ಗಾರೆಗೆ ಬೇಡ. ಹಗುರ ಬ್ಲಾಕಿನ ಗೋಡೆಗೆ ಸಾದಾ ಪ್ಲಗ್ ಹಿಡಿಯುವುದಿಲ್ಲ, ಅದಕ್ಕೆಂದೇ ಬರುವ ಫಾಸ್ನರ್ ಕೇಳಿ. ಕಲ್ಲು-ಮಣ್ಣಿನ ಹಳೇ ಗೋಡೆ ಇರುವ ಓದುಗರು ಡ್ರಿಲ್ ಸಲೀಸಾಗಿ ಒಳಹೋದರೆ ಖುಷಿಪಡಬೇಡಿ, ಅದು ಮಣ್ಣಿಗೆ ಹೋಗಿದೆ. ಕಲ್ಲು ಸಿಗುವವರೆಗೆ ಜಾಗ ಬದಲಿಸಿ, ಇಲ್ಲವೇ ಕನ್ನಡಿಯನ್ನು ಮರದ ಪೀಠದ ಮೇಲೆ ನಿಲ್ಲಿಸಿ ಮೇಲ್ತುದಿಯನ್ನು ಮಾತ್ರ ಗೋಡೆಗೆ ಕಟ್ಟಿ.

ನಿಮ್ಮ ಪ್ಲಾಸ್ಟರ್‌ಗೆ ಹದಿನೈದು ದಿನ ಅಂದಿರಿ. ಇನ್ನೂ ನೀರು ಹೊಡೆಯುತ್ತಿರಬಹುದು, ಒಳಗೆ ಹಸಿ ತುಂಬಿದೆ. ಕ್ಯೂರಿಂಗ್ ನಿಂತ ಮೇಲೆ ಎರಡು ತಿಂಗಳಾದರೂ ಕಾಯಿರಿ. ಆಮೇಲೆ ಒಂದೂವರೆ ಅಡಿ ಚೌಕದ ಪಾಲಿಥಿನ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆಯ ಮೈಯಲ್ಲಿ ಹನಿ ಕಟ್ಟಿದರೆ ಕನ್ನಡಿಗೆ ಇನ್ನೂ ಕಾಲ ಬಂದಿಲ್ಲ. ತೂಗುವಾಗ ಮೇಲೆ ಓರೆ ಪಟ್ಟಿಯಿಂದ ಚೌಕಟ್ಟಿಗೂ ಗೋಡೆಗೂ ಬರುವ ಮುಕ್ಕಾಲು ಇಂಚು ಅಂತರವನ್ನೇ ಕೆಳಗೂ ಬಿಡಿ. ಅದಕ್ಕೆ ರಬ್ಬರ್ ಗುಂಡಿ ಬೇಡ, ರಬ್ಬರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಗೆ ಅದು ಶತ್ರು. ಸಿಲಿಕಾನ್ ಗುಂಡಿ ಅಥವಾ ಮರದ ತುಂಡು ಸಾಕು.

ಎಲ್ಲಿ, ಯಾವ ಬೆಳಕಿಗೆ

ಪಶ್ಚಿಮದ ಕಿಟಕಿಯ ಬಿಸಿಲು ನೇರ ಬೀಳುವ ಗೋಡೆ ಬೇಡ. ಅರ್ಧ ಗಾಜು ಬಿಸಿಲಲ್ಲಿ, ಅರ್ಧ ನೆರಳಲ್ಲಿದ್ದು ಅಂಚಿನಲ್ಲಿ ಒಂದು ಚಕ್ಕೆ ಎದ್ದಿದ್ದರೆ ಅಲ್ಲಿಂದ ಬಿರುಕು ಓಡುತ್ತದೆ. ಟ್ಯೂಬ್‌ಲೈಟ್ ಎದುರಿಗೂ ಬೇಡ, ಪ್ರತಿ ಚುಕ್ಕೆಯೂ ಕೊಳೆಯಂತೆ ಕಾಣುತ್ತದೆ. ಪಕ್ಕದಿಂದ ಬರುವ ಹಳದಿ ಬೆಳಕಿನಲ್ಲಿ ಅದೇ ಚುಕ್ಕೆಗಳು ಚೆಂದ. ಕನ್ನಡಿ ಏನನ್ನು ತೋರಿಸುತ್ತದೆ ಅನ್ನುವುದು ಅದು ಎಲ್ಲಿದೆ ಅನ್ನುವುದಕ್ಕಿಂತ ಮುಖ್ಯ: ಹಳೇ ಮನೆಯ ಕಂಬವೋ ಬಾಗಿಲೋ ಬಂದಿದ್ದರೆ ಅದು ಬಿಂಬದಲ್ಲಿ ಬೀಳುವ ಹಾಗೆ ನೋಡಿ, ಟಿವಿ ಬೀಳದ ಹಾಗೆ. ಉಳಿದ ಗೋಡೆ ಖಾಲಿ ಇರಲಿ. ಸುತ್ತ ಫೋಟೋ, ಶೋಪೀಸ್ ಜೋಡಿಸಿದರೆ ಕೆತ್ತನೆ ಕಳೆದುಹೋಗುತ್ತದೆ.

ಒರೆಸುವುದು ತಿಂಗಳಿಗೊಮ್ಮೆ ಸಾಕು. ಮೊದಲು ಮೆತ್ತನೆಯ ಕುಂಚದಿಂದ ಧೂಳು ಇಳಿಸಿ, ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ. ಬೋರಿನ ಗಡಸು ನೀರು ಬಿಳಿ ಕಲೆ ಉಳಿಸುತ್ತದೆ. ಕೆಳಗಿನ ಎರಡು ಇಂಚಿಗೆ ಒಣ ಬಟ್ಟೆ ಮಾತ್ರ. ಗಾಜಿನ ಮೇಲೆ ಏನನ್ನೂ ಸಿಂಪಡಿಸಬೇಡಿ. ಹಳೇ ಟಿಕಳಿಯ ಅಂಟು ಉಳಿದಿದ್ದರೆ ಉಗುರಿನಿಂದ ಕೆರೆಯದೆ, ಹತ್ತಿಯಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ಅದ್ದಿ ಹತ್ತು ನಿಮಿಷ ಇಟ್ಟು ಒರೆಸಿ.

ಮುರಿದ ಹೂವಿಗೆ ನಿಮ್ಮ ಪಕ್ಕದಲ್ಲೇ, ಮರದ ಬೊಂಬೆಗಳಿಗೆ ಹೆಸರಾದ ಕಿನ್ನಾಳ ಊರಿದೆ. ಅಲ್ಲಿನ ಚಿತ್ರಗಾರರು ಮರ ಕೆತ್ತುವುದರ ಜೊತೆಗೆ, ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬು ಅಲಂಕಾರ ಎತ್ತುವುದರಲ್ಲೂ ಪಳಗಿದವರು. ಇನ್ನೊಂದು ಬದಿಯ ಹೂವಿನ ಫೋಟೋ, ಅಳತೆ ಒಯ್ದು ಒಂದೇ ಒಂದು ಹೂವು ಮಾಡಿಸಿ. ಇಡೀ ಚೌಕಟ್ಟಿಗೆ ಬಣ್ಣ ಹೊಡೆಯಲು ಒಪ್ಪಬೇಡಿ. ಗೋಲ್ಡ್ ಪೇಂಟ್ ಅಂತೂ ಬೇಡವೇ ಬೇಡ, ಕೆಲವೇ ವರ್ಷಗಳಲ್ಲಿ ಕಂದಾಗಿ ಮಂಕಾಗುತ್ತದೆ. ಮರಕ್ಕೆ ಒಣ ಬಟ್ಟೆ, ಬೇಕಿದ್ದರೆ ತೆಳುವಾಗಿ ಜೇನುಮೇಣ. ಸ್ಪಿರಿಟ್ ತಾಗಿದರೆ ಹಳೇ ಅರಗಿನ ಪಾಲಿಶ್ ಕರಗುತ್ತದೆ. ಹುಳದ ಔಷಧಿ ಹಾಕುವುದಿದ್ದರೆ ಗಾಜು ತೆಗೆದ ಮೇಲೆಯೇ.

ಚಿಕ್ಕವೆರಡಕ್ಕೂ ಪರೀಕ್ಷೆ ಅದೇ. ಬೆಳ್ಳಿಯವಾದರೆ ಮೆಟ್ಟಿಲ ಪಕ್ಕ ಒಂದರ ಮೇಲೊಂದು ಎರಡು-ಮೂರು ಇಂಚು ಬಿಟ್ಟು ಹಾಕಬಹುದು. ಬಚ್ಚಲುಮನೆಗೆ, ವಾಶ್ ಬೇಸಿನ್ ಮೇಲಕ್ಕೆ ಬೇಡ.

ಯಲಬುರ್ಗಾದಿಂದ ತರುವುದು ಮನೆಯ ಗೋಡೆ ಒಣಗಿದ ಮೇಲೆ ಇರಲಿ. ಗಾಜಿನ ಮೇಲೆ ಮಾತ್ರ ಮಾಸ್ಕಿಂಗ್ ಟೇಪನ್ನು ಅಡ್ಡ-ಉದ್ದ ಅಂಟಿಸಿ, ಚೌಕಟ್ಟಿಗೆ ಅಂಟಿಸಬೇಡಿ, ಪಾಲಿಶ್ ಕೀಳುತ್ತದೆ. ಎರಡು ಕೌದಿ ಸುತ್ತಿ, ಎರಡು ಹಾಸಿಗೆಗಳ ನಡುವೆ ನಿಲ್ಲಿಸಿ ಟಾಟಾ ಏಸ್‌ನ ಪಕ್ಕದ ಹಲಗೆಗೆ ಬಿಗಿದು ಕಟ್ಟಿ, ಬಾಣ ಮೇಲಿರಲಿ. ಇಳಿಸಲು ಇಬ್ಬರು ಬೇಕು, ಹಿಡಿಯುವುದು ಕೆಳಪಟ್ಟಿ ಮತ್ತು ಬದಿಯ ಪಟ್ಟಿಗಳನ್ನು. ಮೇಲಿನ ಕೆತ್ತನೆಯನ್ನು ಹಿಡಿದು ಎತ್ತಿದರೆ ಉಳಿದ ಹೂವುಗಳೂ ಕೈಗೆ ಬರುತ್ತವೆ.